ಬೆಟ್ಟದ ಬಾಗಿಲಲ್ಲಿ ನಿಂತ ನಾಯಿ

1880ರ ಆಗಸ್ಟ್ ತಿಂಗಳ ಕೊನೆ. ಅಲಾಸ್ಕಾದ ಟೇಲರ್ ಕೊಲ್ಲಿಯ ದಡದಲ್ಲಿ ಒಂದು ಸಣ್ಣ ತಂಡ ಬೀಡುಬಿಟ್ಟಿತ್ತು. ಹೊರಗೆ ಬಿರುಗಾಳಿ, ಮಳೆ. ಎಲ್ಲರೂ ಇನ್ನೂ ಮಲಗಿದ್ದಾಗಲೇ ಜಾನ್ ಮ್ಯೂರ್ ಎಂಬ ಪ್ರಕೃತಿಪ್ರೇಮಿ ಎದ್ದು, ತಿಂಡಿಗೂ ಕಾಯದೆ, ಒಂದು ತುಂಡು ಬ್ರೆಡ್ಡನ್ನು ಜೇಬಿಗಿಳಿಸಿ ಹಿಮನದಿಯ ಕಡೆಗೆ ಹೊರಟ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಹಿಂದೆ ಒಂದು ನಾಯಿ. ತಂಡದಲ್ಲಿದ್ದ ಪಾದ್ರಿ ಹಾಲ್ ಯಂಗ್‌ನ ನಾಯಿ ಅದು, ಹೆಸರು ಸ್ಟಿಕೀನ್. ಕುಳ್ಳು ಕಾಲಿನ, ಕಪ್ಪು ಬಣ್ಣದ, ಯಾರನ್ನೂ ಹಚ್ಚಿಕೊಳ್ಳದ ಪ್ರಾಣಿ. ಹಿಂದಿರುಗು ಎಂದು ಗದರಿದರೂ ಅದು ಕೇಳಲಿಲ್ಲ.

ಇಬ್ಬರೂ ಹಗಲೆಲ್ಲ ಹಿಮನದಿಯ ಮೇಲೆ ಅಲೆದರು. ಮಂಜುಗಡ್ಡೆಯ ಅಂಚುಗಳು ತಾಗಿ ನಾಯಿಯ ಪಾದ ಹರಿದು ರಕ್ತ ಬಂದಾಗ ಮ್ಯೂರ್ ತನ್ನ ಕರವಸ್ತ್ರವನ್ನೇ ಹರಿದು ಅದರ ಪಾದಗಳಿಗೆ ಕಟ್ಟಿದ. ಸಂಜೆ ಹಿಂದಿರುಗುವ ಹೊತ್ತಿಗೆ ದಾರಿ ತಪ್ಪಿತು. ಮುಂದೆ ಸುಮಾರು 50 ಅಡಿ ಅಗಲದ ಬಿರುಕು, ಕೆಳಗೆ ಕತ್ತಲೆ. ದಾಟಲು ಇದ್ದದ್ದು ಮಂಜಿನ ಒಂದು ತೆಳ್ಳನೆಯ ಸೇತುವೆ ಮಾತ್ರ. ಮ್ಯೂರ್ ಮೆಟ್ಟಿಲು ಕೊರೆಯುತ್ತ, ಸೇತುವೆಯ ನೆತ್ತಿಯನ್ನು ನಾಯಿಗೆಂದು ನಾಲ್ಕು ಅಂಗುಲದಷ್ಟು ಸಮ ಮಾಡುತ್ತ, ತೆವಳಿಕೊಂಡು ಆಚೆ ಸೇರಿದ. ಈಚೆ ದಡದಲ್ಲಿ ನಾಯಿ ಗೋಳಾಡತೊಡಗಿತು. ಕರೆದು, ಪುಸಲಾಯಿಸಿ, ಬಿಟ್ಟುಹೋಗುವಂತೆ ನಟಿಸಿದ ಮೇಲೆ ಕೊನೆಗೂ ಅದು ಒಂದೊಂದೇ ಹೆಜ್ಜೆಯಿಟ್ಟು ದಾಟಿತು. ದಾಟಿದ ಮೇಲೆ ಹುಚ್ಚು ಹಿಡಿದಂತೆ ಕುಣಿದಾಡಿತು. ಬೀಡು ತಲುಪಿದಾಗ ರಾತ್ರಿ ಸುಮಾರು ಹತ್ತು ಗಂಟೆ.

ಮ್ಯೂರ್ ಈ ಕತೆಯನ್ನು 1897ರಲ್ಲಿ ಪತ್ರಿಕೆಯೊಂದರಲ್ಲಿ ಬರೆದ. 1909ರಲ್ಲಿ ಅದು ಪುಟ್ಟ ಪುಸ್ತಕವಾಯಿತು. ನಾಯಿಯೊಡನೆ ಬೆಟ್ಟ ಸುತ್ತಿದ ಕತೆಗಳಲ್ಲಿ ಇಷ್ಟು ಜನಪ್ರಿಯವಾದದ್ದು ವಿರಳ. ಆ ಹಿಮನದಿ ಇಂದು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ. ಅಲ್ಲಿನ ನಿಯಮದಂತೆ ಸಾಕುನಾಯಿಗೆ ಪ್ರವೇಶವಿರುವುದು ದೋಣಿಕಟ್ಟೆಯ ಸುತ್ತಲಿನ ಕೆಲವೇ ಜಾಗಗಳಲ್ಲಿ, ಅದೂ ಹಗ್ಗ ಕಟ್ಟಿದ್ದರೆ ಮಾತ್ರ. ಎಂದರೆ, ಸ್ಟಿಕೀನ್ ನಡೆದ ದಾರಿಯಲ್ಲಿ ಇಂದು ಸ್ಟಿಕೀನ್ ನಡೆಯುವಂತಿಲ್ಲ.

ಮನುಷ್ಯನ ಅತ್ಯಂತ ಹಳೆಯ ಸಂಗಾತಿಗೆ ಬೆಟ್ಟದ ಬಾಗಿಲು ಮುಚ್ಚಿದ್ದೇಕೆ? ನಾಯಿಯ ಮೇಲಿನ ಪ್ರೀತಿ ಕಡಿಮೆಯಾಗಿದ್ದಕ್ಕಂತೂ ಅಲ್ಲ. ಬೆಟ್ಟ ಯಾರದು ಎಂಬ ಪ್ರಶ್ನೆಗೆ ಮನುಷ್ಯ ಕೊಟ್ಟುಕೊಂಡ ಉತ್ತರ ಬದಲಾದದ್ದೇ ಇದಕ್ಕೆ ಕಾರಣ.

ಶಿಖರದ ಸಂಗಾತಿ

ಬೆಟ್ಟ ಹತ್ತುವುದು ಒಂದು ಹವ್ಯಾಸವಾಗಿ ಬೆಳೆದದ್ದು ಯೂರೋಪಿನಲ್ಲಿ. ಅದರ ಆರಂಭದ ಅಧ್ಯಾಯಗಳಲ್ಲೇ ನಾಯಿ ಇದೆ. 1805ರ ಏಪ್ರಿಲ್‌ನಲ್ಲಿ ಚಾರ್ಲ್ಸ್ ಗಾಫ್ ಎಂಬ ಯುವಕ ಇಂಗ್ಲೆಂಡಿನ ಸರೋವರ ಸೀಮೆಯ ಹೆಲ್ವೆಲಿನ್ ಬೆಟ್ಟಕ್ಕೆ ತನ್ನ ನಾಯಿ ಫಾಕ್ಸಿಯೊಡನೆ ಹೋದವನು ಹಿಂದಿರುಗಲಿಲ್ಲ. ಸುಮಾರು ಮೂರು ತಿಂಗಳ ನಂತರ ಕುರಿಗಾಹಿಯೊಬ್ಬನಿಗೆ ನಾಯಿಯ ಬೊಗಳು ಕೇಳಿಸಿತು. ಹೋಗಿ ನೋಡಿದರೆ ಬಂಡೆಯ ಬುಡದಲ್ಲಿ ಅಸ್ಥಿಪಂಜರ, ಪಕ್ಕದಲ್ಲಿ ಜೀವಂತ ನಾಯಿ. ವರ್ಡ್ಸ್‌ವರ್ತ್ ಮತ್ತು ವಾಲ್ಟರ್ ಸ್ಕಾಟ್ ಇಬ್ಬರೂ ಈ ನಿಷ್ಠೆಯನ್ನು ಕುರಿತು ಪದ್ಯ ಬರೆದರು. ಅಷ್ಟು ದಿನ ಅದು ಏನು ತಿಂದು ಬದುಕಿತೆಂದು ಕುಹಕ ಕೇಳಿದವರೂ ಇದ್ದರು. ಆದರೂ ಜನರ ಮನಸ್ಸಿನಲ್ಲಿ ಉಳಿದದ್ದು ಕವಿಗಳ ನಾಯಿಯೇ.

ಆಲ್ಪ್ಸ್ ಪರ್ವತಗಳಲ್ಲಿ ಇನ್ನೂ ಒಂದು ನಾಯಿ ಹೆಸರಾಯಿತು. ಕ್ರಿಸ್ಟಿಯನ್ ಆಲ್ಮರ್ ಎಂಬ ಹೆಸರಾಂತ ಸ್ವಿಸ್ ಮಾರ್ಗದರ್ಶಿ 1868ರಲ್ಲಿ ತನ್ನ ಹೆಣ್ಣು ನಾಯಿ ಚಿಂಗೆಲ್‌ಳನ್ನು ಕೂಲಿಜ್ ಎಂಬ ಹದಿಹರೆಯದ ಹುಡುಗನಿಗೆ ಕೊಟ್ಟ. ಐಗರ್ ಶಿಖರ ಹತ್ತಲಾಗದೆ ಮುಖ ಬಾಡಿಸಿಕೊಂಡಿದ್ದವನಿಗೆ ಅದು ಸಮಾಧಾನದ ಕಾಣಿಕೆ. ಮುಂದಿನ ವರ್ಷಗಳಲ್ಲಿ ಕೂಲಿಜ್ ಮತ್ತು ಅವನ ತಾಯಿಯ ಸೋದರಿ ಮೆಟಾ ಬ್ರೆವೂರ್ಟ್ ಜತೆಗೂಡಿ ಚಿಂಗೆಲ್ ಹತ್ತಾರು ಶಿಖರ, ಕಣಿವೆದಾರಿಗಳನ್ನು ಏರಿಳಿಯಿತು. 1875ರಲ್ಲಿ ಮಾಂಟ್ ಬ್ಲಾಂಕ್‌ನ ತುದಿಯನ್ನೂ ಮುಟ್ಟಿತು. ಲಂಡನ್ನಿನ ಆಲ್ಪೈನ್ ಕ್ಲಬ್ಬಿನ ಗೌರವ ಸದಸ್ಯೆ ಎಂಬ ಬಿರುದು ಆ ನಾಯಿಗೆ ಅಂಟಿಕೊಂಡಿತು. ಮೆಟಾ ಬ್ರೆವೂರ್ಟ್ ಮಾತ್ರ ಎಷ್ಟೇ ಶಿಖರ ಏರಿದರೂ ಹೆಂಗಸೆಂಬ ಕಾರಣಕ್ಕೆ ಆ ಕ್ಲಬ್ಬಿನ ಹೊರಗೇ ಉಳಿಯಬೇಕಾಯಿತು.

ಮ್ಯೂರ್‌ನ ಬದುಕಿನಲ್ಲೂ ಸ್ಟಿಕೀನ್ ಮೊದಲ ನಾಯಿಯಲ್ಲ. 1869ರ ಬೇಸಿಗೆಯಲ್ಲಿ ಆತ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಕುರಿಗಳ ಮಂದೆಯ ಹಿಂದೆ ಹೋದಾಗ ಜತೆಗಿದ್ದದ್ದು ಪರಿಚಿತರೊಬ್ಬರಿಂದ ಎರವಲು ಪಡೆದ ಸೇಂಟ್ ಬರ್ನಾರ್ಡ್ ನಾಯಿ ಕಾರ್ಲೊ. ಕರಡಿ ಹತ್ತಿರದಲ್ಲೇ ಇದೆಯೆಂಬ ಸುಳಿವನ್ನು ಮ್ಯೂರ್‌ಗೆ ಮೊದಲು ಕೊಟ್ಟದ್ದು ಕಾರ್ಲೊನ ಮೂಗು. ಆ ಬೇಸಿಗೆಯ ಸುತ್ತಾಟವೇ ಮ್ಯೂರ್‌ನನ್ನು ಬೆಟ್ಟಗಳ ವಕೀಲನನ್ನಾಗಿ ಮಾಡಿತು. ಕುರಿಮಂದೆಗಳು ಹುಲ್ಲುಗಾವಲನ್ನು ಬರಿದು ಮಾಡುವುದನ್ನು ಕಣ್ಣಾರೆ ಕಂಡ ಆತ ಮುಂದೆ ಅವುಗಳ ವಿರುದ್ಧವೇ ಬರೆದ. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದರ ಹಿಂದೆ ಆತನ ಲೇಖನಿಯ ಬಲವಿತ್ತು. ಇಂದು ಕಾರ್ಲೊನಂಥ ನಾಯಿಗೆ ಯೊಸೆಮಿಟಿಯಲ್ಲಿ ಟಾರು ರಸ್ತೆ, ಬಿಡಾರದ ಜಾಗಗಳನ್ನು ಬಿಟ್ಟರೆ ಬೆಟ್ಟದ ಕಾಲುದಾರಿಗಳಲ್ಲಿ ಪ್ರವೇಶವಿಲ್ಲ.

ಬೇಟೆನಾಯಿಯಿಂದ ನಿಷೇಧದವರೆಗೆ

ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾದ ಯೆಲ್ಲೊಸ್ಟೋನ್ ಸ್ಥಾಪನೆಯಾದದ್ದು 1872ರಲ್ಲಿ. ಆಗ ಕಾಪಾಡಬೇಕೆಂದುಕೊಂಡದ್ದು ಬಿಸಿನೀರಿನ ಬುಗ್ಗೆ, ಜಲಪಾತ, ಕಣಿವೆಗಳಂಥ ನೋಟಗಳನ್ನು. ಪ್ರಾಣಿಗಳಲ್ಲಿಯೂ ಒಳ್ಳೆಯವು, ಕೆಟ್ಟವು ಎಂಬ ಭೇದವಿತ್ತು. ಜಿಂಕೆ, ಎಲ್ಕ್ ಒಳ್ಳೆಯವು. ಅವನ್ನು ತಿನ್ನುವ ತೋಳ, ಪ್ಯೂಮಾಗಳು ಕೆಟ್ಟವು. ಆದ್ದರಿಂದ ಉದ್ಯಾನದ ಸಿಬ್ಬಂದಿಯೇ ಅವುಗಳನ್ನು ಕೊಲ್ಲುತ್ತಿದ್ದರು. ಪ್ಯೂಮಾಗಳನ್ನು ಬೇಟೆನಾಯಿಗಳಿಂದ ಅಟ್ಟಿಸಿ, ಮರ ಹತ್ತಿಸಿ ಗುಂಡು ಹಾರಿಸುವುದು ರೂಢಿಯಾಗಿತ್ತು. ಅಂದರೆ ಆ ದಿನಗಳಲ್ಲಿ ನಾಯಿ ಉದ್ಯಾನದ ಶತ್ರುವಲ್ಲ, ನೌಕರ. ಯೆಲ್ಲೊಸ್ಟೋನ್‌ನಲ್ಲಿ ಕೊನೆಯ ತೋಳಗಳು 1926ರಲ್ಲಿ ಹತವಾದವು.

1930ರ ದಶಕದ ಆರಂಭದಲ್ಲಿ ಜಾರ್ಜ್ ರೈಟ್ ಎಂಬ ತರುಣ ವಿಜ್ಞಾನಿ ತನ್ನ ಸ್ವಂತ ಹಣದಿಂದ ಅಮೆರಿಕದ ಉದ್ಯಾನಗಳ ಪ್ರಾಣಿಗಳ ಸಮೀಕ್ಷೆ ನಡೆಸಿದಾಗ ಚಿತ್ರ ಬದಲಾಗತೊಡಗಿತು. ಬೇಟೆಯಾಡುವ ಪ್ರಾಣಿಗೂ ಅಲ್ಲಿ ಬದುಕುವ ಹಕ್ಕಿದೆ, ಅದಿಲ್ಲದೆ ಉಳಿದವುಗಳ ಬದುಕೂ ಕೆಡುತ್ತದೆ ಎಂಬುದು ಆ ಅಧ್ಯಯನದ ಸಾರ. 1963ರಲ್ಲಿ ಸ್ಟಾರ್ಕರ್ ಲಿಯೋಪೋಲ್ಡ್ ನೇತೃತ್ವದ ಸಮಿತಿ ಕೊಟ್ಟ ವರದಿ ಈ ವಿಚಾರಕ್ಕೆ ಇನ್ನಷ್ಟು ಬಲ ತುಂಬಿತು. ಉದ್ಯಾನವೆಂದರೆ ನೋಡುವವರ ಚಿತ್ರಪಟವಲ್ಲ, ಅಲ್ಲಿ ವಾಸಿಸುವವರ ಮನೆ ಎಂಬ ಭಾವನೆ ನೆಲೆಗೊಂಡಿತು. 1995ರಲ್ಲಿ ಕೆನಡಾದಿಂದ ತೋಳಗಳನ್ನು ತಂದು ಯೆಲ್ಲೊಸ್ಟೋನ್‌ನಲ್ಲಿ ಬಿಟ್ಟದ್ದು ಆ ಭಾವನೆಯ ಫಲ.

ತೋಳ ಒಳಗೆ ಬಂದಿತು. ತೋಳದ ವಂಶದ್ದೇ ಆದ ಸಾಕುನಾಯಿ ಹೊರಗೆ ನಿಂತಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಸಾಮಾನ್ಯ ನಿಯಮದಂತೆ ನಾಯಿಗೆ ಕಟ್ಟಿದ ಹಗ್ಗ ಆರು ಅಡಿ ಮೀರುವಂತಿಲ್ಲ. ಅದರ ಮೇಲೆ ಒಂದೊಂದು ಉದ್ಯಾನದ್ದೂ ಒಂದೊಂದು ಕಟ್ಟಳೆ. ರಾಕಿ ಮೌಂಟನ್ ಉದ್ಯಾನದ ಯಾವ ಕಾಲುದಾರಿಯಲ್ಲೂ ನಾಯಿ ನಡೆಯುವಂತಿಲ್ಲ. ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ನಾಯಿಗೆ ತೆರೆದಿರುವುದು ಎರಡೇ ಕಾಲುದಾರಿ. ಸ್ವಿಟ್ಜರ್ಲೆಂಡ್ 1914ರಲ್ಲಿ ಸ್ಥಾಪಿಸಿದ ತನ್ನ ರಾಷ್ಟ್ರೀಯ ಉದ್ಯಾನದಲ್ಲಿ ಇನ್ನೂ ಕಠಿಣ: ಹಗ್ಗ ಕಟ್ಟಿದ್ದರೂ ನಾಯಿ ಒಳಗೆ ಬರುವಂತಿಲ್ಲ. ಚಿಂಗೆಲ್ ಹುಟ್ಟಿ ಬೆಳೆದ ದೇಶವದು.

ವಾಸನೆಯೇ ಸಾಕು

ಹಗ್ಗ ಕಟ್ಟಿದ, ಸಾಧು ಸ್ವಭಾವದ ಒಂದು ನಾಯಿ ಬೆಟ್ಟಕ್ಕೆ ಏನು ಕೇಡು ಮಾಡೀತು ಎಂಬ ಪ್ರಶ್ನೆ ಸಹಜವೇ. ಇದಕ್ಕೆ ಉತ್ತರವನ್ನು ನಾಯಿಯ ಸ್ವಭಾವದಲ್ಲಿ ಹುಡುಕಿದರೆ ಸಿಗದು; ಅದನ್ನು ನೋಡುವ ಪ್ರಾಣಿಯ ಕಣ್ಣಿನಲ್ಲಿ ಹುಡುಕಬೇಕು. ಕಾಡಿನ ಜಿಂಕೆಗೆ, ಬಿಲದ ಪ್ರಾಣಿಗೆ ನಾಯಿಯೆಂದರೆ ತೋಳವೇ. ಆಲ್ಪ್ಸ್‌ನ ಮಾರ್ಮಟ್ ಎಂಬ ಅಳಿಲಿನ ಜಾತಿಯ ಬಿಲವಾಸಿಗಳ ಬಗ್ಗೆ 1993ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದಾರಿಯಲ್ಲಿ ಸುಮ್ಮನೆ ನಡೆದುಹೋಗುವ ಚಾರಣಿಗನಿಗಿಂತ ನಾಯಿಯೊಡನೆ ಬರುವವನನ್ನು ಕಂಡರೆ ಅವು ಬಹಳ ಹೆಚ್ಚು ಬೆದರುತ್ತವೆ. ಆಸ್ಟ್ರೇಲಿಯಾದ ಸಿಡ್ನಿಯ ಹೊರವಲಯದ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಗ್ಗ ಕಟ್ಟಿದ ನಾಯಿಯನ್ನು ನಡೆಸಿಕೊಂಡು ಹೋದ ದಾರಿಗಳಲ್ಲಿ ಹಕ್ಕಿಗಳ ಜಾತಿಗಳು ಶೇ 35ರಷ್ಟು, ಒಟ್ಟು ಸಂಖ್ಯೆ ಶೇ 41ರಷ್ಟು ಕಡಿಮೆಯಾದವು. ನಾಯಿಯಿಲ್ಲದೆ ಮನುಷ್ಯರಷ್ಟೇ ನಡೆದಾಗ ಆದ ಪರಿಣಾಮ ಇದರ ಅರ್ಧಕ್ಕಿಂತ ಕಡಿಮೆ. ನಾಯಿ ಹಾದುಹೋದ ಮೇಲೂ ಅದರ ಮೂತ್ರದ ವಾಸನೆ ದಾರಿಯಲ್ಲಿ ಉಳಿಯುತ್ತದೆ. ಚಳಿಗಾಲದಲ್ಲಿ ಮೈಯ ಕೊಬ್ಬನ್ನು ಕರಗಿಸಿ ಬದುಕುವ ಪ್ರಾಣಿಗೆ ಒಂದೊಂದು ಓಟವೂ ದುಬಾರಿ.

ಅಪಾಯ ನಾಯಿಗೂ ಇದೆ, ಒಡೆಯನಿಗೂ ಇದೆ. ಕರಡಿಯನ್ನು ಕೆಣಕಿದ ನಾಯಿ ರಕ್ಷಣೆಗಾಗಿ ಓಡಿಬರುವುದು ಒಡೆಯನ ಕಡೆಗೇ. ಹಿಂದೆಯೇ ಕರಡಿಯೂ ಬರುತ್ತದೆ. 1981ರಲ್ಲಿ ಯೆಲ್ಲೊಸ್ಟೋನ್‌ನಲ್ಲಿ ವಾಹನದಿಂದ ತಪ್ಪಿಸಿಕೊಂಡ ನಾಯಿಯೊಂದು ಕುದಿಯುವ ಬುಗ್ಗೆಗೆ ಹಾರಿತು. ಸುತ್ತಲಿದ್ದವರು ಬೇಡವೆಂದು ಕೂಗಿದರೂ ಕೇಳದೆ ಒಬ್ಬ ತರುಣ ಅದನ್ನು ಉಳಿಸಲು ಧುಮುಕಿದ. ನೀರಿನ ಶಾಖ ಸುಮಾರು 94 ಡಿಗ್ರಿ ಸೆಲ್ಸಿಯಸ್. ನಾಯಿಯೂ ಉಳಿಯಲಿಲ್ಲ, ಆತನೂ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು: ರೋಗ. ಇಥಿಯೋಪಿಯಾದ ಬಾಲೆ ಬೆಟ್ಟಗಳ ರಾಷ್ಟ್ರೀಯ ಉದ್ಯಾನ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್ ಎತ್ತರದ ಆ ಪ್ರಸ್ಥಭೂಮಿಯಲ್ಲಿ ಇಥಿಯೋಪಿಯಾದ ತೋಳವೆಂಬ ಕೆಂಪು ಮೈಯ ಪ್ರಾಣಿ ಇಲಿ ಹಿಡಿದು ಬದುಕುತ್ತದೆ. ಜಗತ್ತಿನಲ್ಲಿ ಉಳಿದಿರುವುದು ಸುಮಾರು 500 ಮಾತ್ರ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಇಲ್ಲಿಯೇ. ದನಗಾಹಿಗಳ ಜತೆ ಬರುವ ನಾಯಿಗಳಿಂದ 1990ರ ದಶಕದ ಆರಂಭದಲ್ಲೊಮ್ಮೆ, 2003ರಲ್ಲಿ ಮತ್ತೊಮ್ಮೆ ರೇಬಿಸ್ ಹರಡಿತು. ಎರಡನೆಯ ಸಲ ಒಂದು ಕಣಿವೆಯ ತೋಳಗಳಲ್ಲಿ ಸುಮಾರು ಮುಕ್ಕಾಲು ಪಾಲು ಸತ್ತವು. ಆಮೇಲೆ ಡಿಸ್ಟೆಂಪರ್ ಎಂಬ ಇನ್ನೊಂದು ನಾಯಿರೋಗವೂ ಬಂತು. ಈಗ ಅಲ್ಲಿ ಊರನಾಯಿಗಳಿಗೂ ಲಸಿಕೆ ಹಾಕುತ್ತಾರೆ, ತೋಳಗಳಿಗೂ ಹಾಕುತ್ತಾರೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸಿಂಹಗಳ ಮೂರನೆಯ ಒಂದು ಪಾಲನ್ನು ಕೊಂದದ್ದೂ ಇದೇ ಡಿಸ್ಟೆಂಪರ್. 2018ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಪತ್ತೆಯಾದದ್ದು ಅದೇ ವೈರಾಣು.

ಕುರಿಯಿರುವ ಬೆಟ್ಟ, ಕುರಿಯಿಲ್ಲದ ಬೆಟ್ಟ

ಹಾಗೆಂದು ಎಲ್ಲ ದೇಶಗಳೂ ಬಾಗಿಲು ಮುಚ್ಚಿಲ್ಲ. ಫಾಕ್ಸಿ ಕಾವಲು ಕೂತ ಹೆಲ್ವೆಲಿನ್ ಬೆಟ್ಟ 1951ರಿಂದ ಸರೋವರ ಸೀಮೆಯ ರಾಷ್ಟ್ರೀಯ ಉದ್ಯಾನದ ಭಾಗ. ಅಲ್ಲಿ ಇಂದಿಗೂ ಭಾನುವಾರ ಬಂತೆಂದರೆ ನಾಯಿ ಹಿಡಿದು ಬೆಟ್ಟ ಏರುವವರ ಸಾಲು. ಕಾರಣ, ಇಂಗ್ಲೆಂಡಿನ ರಾಷ್ಟ್ರೀಯ ಉದ್ಯಾನ ನಿರ್ಜನ ಅರಣ್ಯವಲ್ಲ. ಅದು ಹಳ್ಳಿ, ಹೊಲ, ಕಲ್ಲುಗೋಡೆ, ಕುರಿಮಂದೆಗಳಿರುವ ಬಳಕೆಯ ನೆಲ. ಕುರಿಗಾಹಿಯೂ ಅವನ ನಾಯಿಯೂ ಆ ಬೆಟ್ಟದ ಹಳೆಯ ನಿವಾಸಿಗಳು. ಆದ್ದರಿಂದ ಅಲ್ಲಿನ ಕಾಯಿದೆ ನಾಯಿಯನ್ನು ಹೊರಗಟ್ಟದೆ ಶಿಸ್ತಿಗೆ ಒಳಪಡಿಸುತ್ತದೆ. ನಾಯಿ ಕುರಿಯನ್ನು ಅಟ್ಟಿಸಿದರೆ 1953ರ ಕಾಯಿದೆಯ ಪ್ರಕಾರ ಒಡೆಯ ಅಪರಾಧಿ. ಸಾರ್ವಜನಿಕರು ಮುಕ್ತವಾಗಿ ತಿರುಗಾಡಬಹುದಾದ ಬೆಟ್ಟದ ನೆಲಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲದಲ್ಲಿ, ಹಗ್ಗ ಎರಡು ಮೀಟರಿಗಿಂತ ಉದ್ದವಿರಬಾರದು ಎನ್ನುತ್ತದೆ 2000ನೇ ಇಸವಿಯ ಕಾಯಿದೆ.

ಕೆನಡಾದ ಬ್ಯಾಂಫ್‌ನಲ್ಲಿಯೂ ಬಹುತೇಕ ಕಾಲುದಾರಿಗಳಲ್ಲಿ ಹಗ್ಗ ಕಟ್ಟಿದ ನಾಯಿಗೆ ಅವಕಾಶವಿದೆ. ಅಮೆರಿಕದಲ್ಲೇ ಶೆನಂಡೋವಾ ಉದ್ಯಾನದ 500 ಮೈಲಿಗೂ ಹೆಚ್ಚಿನ ಕಾಲುದಾರಿಗಳಲ್ಲಿ ನಾಯಿಗೆ ಮುಚ್ಚಿರುವುದು ಸುಮಾರು 20 ಮೈಲಿ ಮಾತ್ರ. ಅಲಾಸ್ಕಾದ ಡೆನಾಲಿಯದು ಇನ್ನೂ ವಿಚಿತ್ರ. ಪ್ರವಾಸಿಯ ನಾಯಿಗೆ ಅಲ್ಲಿನ ಕಾಡಿನೊಳಗೆ ಪ್ರವೇಶವಿಲ್ಲ. ಆದರೆ ಉದ್ಯಾನವೇ 1922ರಿಂದ ಜಾರುಬಂಡಿ ಎಳೆಯುವ ನಾಯಿಗಳನ್ನು ಸಾಕುತ್ತ ಬಂದಿದೆ. ಯಂತ್ರವಾಹನ ನಿಷಿದ್ಧವಾಗಿರುವ ಹಿಮದ ನೆಲದಲ್ಲಿ ಚಳಿಗಾಲದ ಗಸ್ತಿಗೆ ಅವೇ ಗತಿ. ಅಂಧರ ಮಾರ್ಗದರ್ಶಿ ನಾಯಿಗಳಿಗೂ ಅಮೆರಿಕದ ಉದ್ಯಾನಗಳಲ್ಲಿ ಬೇರೆಯೇ ನಿಯಮ. ಕೆಲಸವಿರುವ ನಾಯಿಗೆ ದಾರಿ ಬಿಡುವ ಬೆಟ್ಟ, ಸಂಗಾತಕ್ಕೆಂದು ಬಂದ ನಾಯಿಯನ್ನು ತಡೆಯುತ್ತದೆ.

ನಿರ್ಜನ ಬೆಟ್ಟವೆಂಬ ಕಲ್ಪನೆಗೆ ಬೆಲೆ ತೆತ್ತದ್ದು ನಾಯಿ ಮಾತ್ರವಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮ್ಯೂರ್‌ನನ್ನು ಟೇಲರ್ ಕೊಲ್ಲಿಗೆ ದೋಣಿಯಲ್ಲಿ ಕರೆದೊಯ್ದವರು ಅಲಾಸ್ಕಾದ ಮೂಲನಿವಾಸಿ ಟ್ಲಿಂಗಿಟ್ ಜನ. ಗ್ಲೇಸಿಯರ್ ಬೇ ಸಂರಕ್ಷಿತ ಪ್ರದೇಶವಾದ ಮೇಲೆ ಅದೇ ಜನರ ಬೇಟೆಗೂ, ಹಕ್ಕಿಮೊಟ್ಟೆ ಆಯುವ ಹಳೆಯ ಪದ್ಧತಿಗೂ ತಡೆ ಬಿತ್ತು. ಮೊಟ್ಟೆ ಆಯುವ ಹಕ್ಕನ್ನು ಮರಳಿ ಕೊಡಲು 2014ರಲ್ಲಿ ಬೇರೆ ಕಾಯಿದೆಯೇ ಬೇಕಾಯಿತು.

ನಮ್ಮ ಘಟ್ಟದಲ್ಲಿ

ಕನ್ನಡ ಓದುಗರಿಗೆ ನಾಯಿಯೊಡನೆ ಕಾಡು ಸುತ್ತುವುದೆಂದರೆ ಥಟ್ಟನೆ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ‘ಕಿವಿ’. ಆದರೆ ನಮ್ಮ ಪಶ್ಚಿಮ ಘಟ್ಟಕ್ಕೆ ತನ್ನದೇ ಆದ ಇನ್ನೊಂದು ನಾಯಿಯಿದೆ: ಸೀಳುನಾಯಿ. ಒಂದು ಕಾಲಕ್ಕೆ ಅದನ್ನು ಪೀಡೆಯೆಂದು ಬಗೆದು ಕೊಂದವರಿಗೆ ಬಹುಮಾನ ಕೊಡಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೆ ರಕ್ಷಣೆ ದೊರೆಯಿತು. ಮೈಸೂರಿನ ಕೃಪಾಕರ–ಸೇನಾನಿ ಅವರು ವರ್ಷಗಟ್ಟಲೆ ಬೆನ್ನುಹತ್ತಿ ತೆಗೆದ ಚಿತ್ರಗಳು ಅದರ ಸಂಸಾರವನ್ನು ಜಗತ್ತಿಗೆ ತೋರಿಸಿದವು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಶೋಲಾ ಕಾಡು, ಹುಲ್ಲುಗಾವಲುಗಳಲ್ಲಿ ಸೀಳುನಾಯಿ ಇದೆ. ಅಂಚಿನ ಹಳ್ಳಿಗಳಲ್ಲಿ ಊರನಾಯಿಯೂ ಇದೆ. ರೇಬಿಸ್ ಆಗಲಿ, ಡಿಸ್ಟೆಂಪರ್ ಆಗಲಿ ಎರಡಕ್ಕೂ ತಗಲುವ ರೋಗ. ಚಾರಣಿಗರು ಹಾಕುವ ಬಿಸ್ಕತ್ತಿನ ಆಸೆಗೆ ಊರನಾಯಿಯೊಂದು ಬೆಟ್ಟದ ನೆತ್ತಿಯವರೆಗೆ ಹಿಂಬಾಲಿಸಿದರೆ ನೋಡಲು ಮುದ್ದಾಗಿಯೇ ಕಾಣುತ್ತದೆ. ಆದರೆ ಬಾಲೆ ಬೆಟ್ಟದ ಅನುಭವ ಬೇರೆಯದನ್ನೇ ಹೇಳುತ್ತದೆ.

ಬೆಟ್ಟದ ಬಾಗಿಲಲ್ಲಿ ನಾಯಿಯನ್ನು ತಡೆದ ಕತೆ ನಮಗೆ ಹೊಸತೂ ಅಲ್ಲ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಹಿಮಾಲಯವೇರಿದ ಧರ್ಮರಾಯನ ಬೆನ್ನಿಗೆ ಕೊನೆಯವರೆಗೂ ಉಳಿದದ್ದು ನಾಯಿಯೊಂದೇ. ನಾಯಿಯೊಡನೆ ಬಂದವರಿಗೆ ಸ್ವರ್ಗದಲ್ಲಿ ಜಾಗವಿಲ್ಲವೆಂದ ಇಂದ್ರ. ಆಶ್ರಯ ಬಯಸಿ ಬಂದದ್ದನ್ನು ಕೈಬಿಟ್ಟು ಸಿಗುವ ಸ್ವರ್ಗ ತನಗೆ ಬೇಡವೆಂದ ಧರ್ಮರಾಯ. ಇಂದ್ರನ ಆಕ್ಷೇಪ ಮೈಲಿಗೆಯದು. ಇಂದಿನ ಉದ್ಯಾನದ ಆಕ್ಷೇಪ ಅದಲ್ಲ. ಅಲ್ಲಿ ಒಳಗಿರುವ ಜೀವಗಳೂ ಆಶ್ರಯ ಬಯಸಿದವೇ. ಹೊರಗೆ ಅವುಗಳಿಗೆ ಬೇರೆ ಜಾಗ ಉಳಿದಿಲ್ಲ.

ಸ್ಟಿಕೀನ್‌ನ ಮುಂದಿನ ಕತೆ ಸುಖಾಂತವಲ್ಲ. 1883ರಲ್ಲಿ ಪ್ರವಾಸಿಯೊಬ್ಬ ಅದನ್ನು ಕದ್ದು ಹಡಗಿನಲ್ಲಿ ಒಯ್ದನೆಂದು ಮ್ಯೂರ್ ಬರೆದಿದ್ದಾನೆ. ಮತ್ತೆ ಅದರ ಸುದ್ದಿ ಸಿಗಲಿಲ್ಲ. ಆದರೆ ಬಿರುಕಿನ ಅಂಚಿನಲ್ಲಿ ಅದು ಪಟ್ಟ ಭಯ, ದಾಟಿದ ಮೇಲಿನ ಅದರ ಸಂತೋಷ ತನ್ನವೇ ಎನ್ನುವಷ್ಟು ಪರಿಚಿತವೆನಿಸಿದಾಗ, ಉಳಿದ ಪ್ರಾಣಿಗಳೂ ಮನುಷ್ಯನ ಬಂಧುಗಳೆಂಬುದು ಮ್ಯೂರ್‌ಗೆ ಇನ್ನಷ್ಟು ಸ್ಪಷ್ಟವಾಯಿತು. ಕಾಡುಪ್ರಾಣಿಗಳಿಗೊಂದು ಮನೆ ಬೇಕೆಂಬ ವಾದ ಬೆಳೆದದ್ದು ಇಂಥ ತಿಳಿವಳಿಕೆಯಿಂದಲೇ. ಇಂದು ಉದ್ಯಾನದ ಗೇಟಿನಲ್ಲಿ ತನ್ನ ನಾಯಿಯ ಹಗ್ಗ ಹಿಡಿದು, ಮುಂದೆ ಹೋಗಲಾಗದೆ ನಿಂತ ಚಾರಣಿಗನ ಬೇಸರ ಸುಳ್ಳಲ್ಲ. ಆ ಗೇಟು ಅಲ್ಲಿರುವುದರಲ್ಲಿ ಒಂದು ಕುಳ್ಳ ಕಪ್ಪು ನಾಯಿಯ ಪಾಲೂ ಇದೆ.